ವೆಲ್ಡಿಂಗ್ ಹೊಗೆಗೆ ಊಟದ ತಟ್ಟೆಯಲ್ಲಿ ಮದ್ದಿದೆಯೇ?

ಪ್ರಶ್ನೆ: ನನ್ನ ಪತಿಗೆ 38 ವರ್ಷ. ಪೀಣ್ಯದ ಒಂದು ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ 14 ವರ್ಷದಿಂದ ವೆಲ್ಡಿಂಗ್ ಕೆಲಸ ಮಾಡುತ್ತಿದ್ದಾರೆ. ಮೊದಲು ಗೇಟು, ಗ್ರಿಲ್ ಕೆಲಸವಿತ್ತು. ಎರಡು ವರ್ಷದಿಂದ ಸ್ಟೇನ್‌ಲೆಸ್ ಸ್ಟೀಲಿನ ರೇಲಿಂಗ್ ಕೆಲಸವೇ ಹೆಚ್ಚು. ನಡುನಡುವೆ ಹಳೆಯ ಕಬ್ಬಿಣವನ್ನು ಗ್ಯಾಸ್ ಕಟ್ಟಿಂಗ್ ಮಾಡುತ್ತಾರೆ. ಸಂಜೆ ಮನೆಗೆ ಬಂದಾಗ ಬಾಯಲ್ಲಿ ಲೋಹದ ರುಚಿ ಎನ್ನುತ್ತಾರೆ, ಊಟ ಸೇರುವುದಿಲ್ಲ, ತುಂಬಾ ಸುಸ್ತು. ದಿನಕ್ಕೆ ಏಳೆಂಟು ಬೀಡಿ ಸೇದುತ್ತಾರೆ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 11.6 ಬಂದಿದೆ. ಶೆಡ್ಡಿನ ಮಾಲೀಕರು ಹೊಗೆ ಹೋಗಲೆಂದು ಬೆಲ್ಲ, ಹಾಲು ಕೊಡಿಸುತ್ತಾರೆ. ಮೆಡಿಕಲ್ ಶಾಪಿನವರು, ಹೊಗೆಯಿಂದ ಆಕ್ಸಿಡೇಟಿವ್ ಸ್ಟ್ರೆಸ್ ಆಗುತ್ತದೆ ಎಂದು ಹೇಳಿ ಆಂಟಿಆಕ್ಸಿಡೆಂಟ್ ಮಾತ್ರೆ ಮತ್ತು ಕಬ್ಬಿಣಾಂಶದ ಮಾತ್ರೆ ಕೊಟ್ಟಿದ್ದಾರೆ. ನಾನು ಅವರಿಗೆ ಏನು ತಿನ್ನಲು ಕೊಡಬೇಕು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅವರ ಊಟವನ್ನು ನೀವು ಸುಧಾರಿಸಬಹುದು, ಅದರಿಂದ ಪ್ರಯೋಜನವೂ ಇದೆ. ಆದರೆ ಉಸಿರಿನೊಡನೆ ಒಳಗೆ ಹೋದ ಲೋಹದ ಹೊಗೆಯನ್ನು ಹೊರಗೆ ತೆಗೆಯುವ ಆಹಾರವಾಗಲಿ ಮಾತ್ರೆಯಾಗಲಿ ಇಲ್ಲ. ಇನ್ನೊಂದು ಮಾತನ್ನೂ ಈಗಲೇ ಹೇಳಬೇಕು. ನೀವು ಬರೆದ ಲಕ್ಷಣಗಳಲ್ಲಿ ನನ್ನ ಗಮನವನ್ನು ಹೆಚ್ಚು ಸೆಳೆದದ್ದು ವೆಲ್ಡಿಂಗ್ ಅಲ್ಲ, ಹಳೆಯ ಕಬ್ಬಿಣದ ಗ್ಯಾಸ್ ಕಟ್ಟಿಂಗ್. ಬಾಯಲ್ಲಿ ಲೋಹದ ರುಚಿ, ಹಸಿವಿಲ್ಲದಿರುವುದು, ಸುಸ್ತು, ಕಡಿಮೆ ಹಿಮೋಗ್ಲೋಬಿನ್, ಈ ನಾಲ್ಕೂ ಒಟ್ಟಿಗೆ ಕಂಡಾಗ ಸೀಸದ ವಿಷವಿದೆಯೇ ಎಂದು ನೋಡಲೇಬೇಕಾಗುತ್ತದೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಮೊದಲು ಹೊಗೆಯೆಂದರೆ ಏನೆಂದು ನೋಡೋಣ. ವೆಲ್ಡಿಂಗ್ ಹೊಗೆಯ ಬಹುಪಾಲು ಬರುವುದು ಬೆಸೆಯುವ ಕಬ್ಬಿಣದಿಂದಲ್ಲ, ಕರಗುವ ರಾಡಿನಿಂದ. ಆ ಕಾವಿಗೆ ಲೋಹ ಆವಿಯಾಗಿ, ಗಾಳಿಗೆ ಸೇರಿದೊಡನೆ ತಣಿದು, ಆಮ್ಲಜನಕದೊಡನೆ ಕೂಡಿ ಅತಿ ಸಣ್ಣ ಕಣಗಳಾಗುತ್ತದೆ. ಈ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನಿಗಿಂತಲೂ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕವು. ಆದ್ದರಿಂದಲೇ ಅವು ಮೂಗಿನಲ್ಲಿ, ಗಂಟಲಿನಲ್ಲಿ ನಿಲ್ಲದೆ ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೆ ಹೋಗುತ್ತವೆ. ಸಾಮಾನ್ಯ ಕಬ್ಬಿಣದ ಕೆಲಸದಲ್ಲಿ ಕಬ್ಬಿಣದ ಆಕ್ಸೈಡ್ ಮತ್ತು ಮ್ಯಾಂಗನೀಸ್, ಸತುವಿನ ಲೇಪವಿರುವ ಜಿಐ ಪೈಪಿನಲ್ಲಿ ಸತು, ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಇವುಗಳ ಜೊತೆಗೆ ನಿಕ್ಕಲ್ ಮತ್ತು ಕ್ರೋಮಿಯಂ ಲೋಹದ ಹೆಚ್ಚು ವಿಷಕಾರಿ ರೂಪವಾದ ಷಡ್ವೇಲೆನ್ಸಿಯ ಕ್ರೋಮಿಯಂ ಇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1989ರಲ್ಲಿ ವೆಲ್ಡಿಂಗ್ ಹೊಗೆಯನ್ನು ‘ಕ್ಯಾನ್ಸರ್ ತರುವ ಸಾಧ್ಯತೆಯುಳ್ಳದ್ದು’ ಎಂಬ ವರ್ಗದಲ್ಲಿ ಇರಿಸಿತ್ತು. 2017ರಲ್ಲಿ ಅದನ್ನು ಒಂದನೇ ವರ್ಗಕ್ಕೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾದ ವಸ್ತುಗಳ ಸಾಲಿಗೆ ಸೇರಿಸಿತು. ಸ್ಟೇನ್‌ಲೆಸ್ ಸ್ಟೀಲಿನ ಹೊಗೆಗೆ ಮಾತ್ರ ಅನ್ವಯಿಸುವ ತೀರ್ಮಾನ ಇದಲ್ಲ, ಮಾಮೂಲು ಗೇಟು ಗ್ರಿಲ್ಲಿನ ಹೊಗೆಗೂ ಅನ್ವಯಿಸುತ್ತದೆ.

ಮೆಡಿಕಲ್ ಶಾಪಿನವರು ಹೇಳಿದ ಆಕ್ಸಿಡೇಟಿವ್ ಸ್ಟ್ರೆಸ್, ಕನ್ನಡದಲ್ಲಿ ಉತ್ಕರ್ಷಣ ಒತ್ತಡ, ಸುಳ್ಳಲ್ಲ. ನಾವು ಉಸಿರಾಡುವ ಆಮ್ಲಜನಕವನ್ನು ಜೀವಕೋಶ ಬಳಸಿಕೊಳ್ಳುವಾಗ ಸ್ವಲ್ಪ ಪ್ರಮಾಣದಲ್ಲಿ ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಮುಂತಾದ ಚುರುಕಿನ ಅಣುಗಳು ಹುಟ್ಟುತ್ತಲೇ ಇರುತ್ತವೆ, ಮತ್ತು ದೇಹವು ಅವುಗಳನ್ನು ತನ್ನದೇ ಕಿಣ್ವಗಳಿಂದ ಅಲ್ಲಲ್ಲೇ ಶಮನ ಮಾಡುತ್ತಿರುತ್ತದೆ. ಹುಟ್ಟುವುದು ಹೆಚ್ಚಾಗಿ ಶಮನವಾಗುವುದು ಕಡಿಮೆಯಾದಾಗ ಕೋಶದ ಪೊರೆ, ಪ್ರೋಟೀನು, ಡಿಎನ್ಎ ಹಾನಿಗೊಳ್ಳುತ್ತವೆ. ಕಬ್ಬಿಣವು ಹೈಡ್ರೋಜನ್ ಪೆರಾಕ್ಸೈಡಿನೊಡನೆ ಸೇರಿದಾಗ ತೀರ ಉಗ್ರವಾದ ಉತ್ಕರ್ಷಕ ಉಂಟಾಗುತ್ತದೆಂಬುದನ್ನು ಫೆಂಟನ್ ಎಂಬ ರಸಾಯನ ವಿಜ್ಞಾನಿ 1894ರಲ್ಲೇ ಬರೆದಿದ್ದರು. ವೆಲ್ಡರಿನ ಶ್ವಾಸಕೋಶದಲ್ಲಿ ಕೂರುವ ಕಬ್ಬಿಣದ ಕಣದ ಸುತ್ತ ನಡೆಯಬಲ್ಲ ಕ್ರಿಯೆಯೂ ಅದೇ. ವೆಲ್ಡಿಂಗ್ ಕಿಡಿಯ ಸುತ್ತ ಹುಟ್ಟುವ ಓಜೋನ್ ಮತ್ತು ನೈಟ್ರೋಜನ್ ಆಕ್ಸೈಡುಗಳು ಈ ಹೊರೆಯನ್ನು ಹೆಚ್ಚಿಸುತ್ತವೆ. ಬೀಡಿಯ ಹೊಗೆ ಅದೇ ಶ್ವಾಸಕೋಶಕ್ಕೆ ಅದೇ ಬಗೆಯ ಇನ್ನೊಂದು ಹೊರೆ.

ಹಾಗಾದರೆ ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಿದರೆ ಸರಿಹೋಗಬೇಕಲ್ಲವೇ ಎಂದು ನೀವು ಕೇಳಬಹುದು. ಬಹಳ ಮಂದಿ ವೈದ್ಯರೂ ಒಂದು ಕಾಲದಲ್ಲಿ ಹಾಗೆಯೇ ನಂಬಿದ್ದರು. ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರಿಗೆ ಐದರಿಂದ ಎಂಟು ವರ್ಷ ಬೀಟಾ ಕೆರೋಟಿನ್, ವಿಟಮಿನ್ ಇ ಎಂಬ ಆಂಟಿಆಕ್ಸಿಡೆಂಟ್‌ಗಳನ್ನು ಅಥವಾ ಬರಿಯ ಹುಸಿಮಾತ್ರೆ ಕೊಟ್ಟು ನೋಡಿದರು. 1994ರಲ್ಲಿ ಫಲಿತಾಂಶ ಹೊರಬಂದಾಗ, ಬೀಟಾ ಕೆರೋಟಿನ್ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚಾಗಿತ್ತು. ವಿಟಮಿನ್ ಇ ಆ ಕ್ಯಾನ್ಸರನ್ನು ತಡೆದಿರಲಿಲ್ಲ. ಅಮೆರಿಕದಲ್ಲಿ ಧೂಮಪಾನಿಗಳು ಮತ್ತು ಕಲ್ನಾರಿನ ನಡುವೆ ದುಡಿದ ಕಾರ್ಮಿಕರು ಸೇರಿ ಹದಿನೆಂಟು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಬೀಟಾ ಕೆರೋಟಿನ್ ಮತ್ತು ವಿಟಮಿನ್ ಎ ಒಟ್ಟಿಗೆ ಕೊಟ್ಟ ಇನ್ನೊಂದು ಪ್ರಯೋಗವನ್ನು, ಮಾತ್ರೆ ನುಂಗಿದವರಲ್ಲೇ ಕ್ಯಾನ್ಸರ್ ಶೇಕಡಾ 28ರಷ್ಟು ಹೆಚ್ಚಾದುದರಿಂದ, 1996ರಲ್ಲಿ ಗಡುವಿಗೆ 21 ತಿಂಗಳು ಮೊದಲೇ ನಿಲ್ಲಿಸಬೇಕಾಯಿತು. ಬೀಡಿ ಸೇದುವ, ಉಸಿರಿನಲ್ಲಿ ಕ್ಯಾನ್ಸರ್‌ಕಾರಕವನ್ನು ತೆಗೆದುಕೊಳ್ಳುವ ನಿಮ್ಮ ಪತಿಯ ಸ್ಥಿತಿಗೂ ಈ ಎರಡು ಪ್ರಯೋಗಗಳಲ್ಲಿದ್ದವರ ಸ್ಥಿತಿಗೂ ಹೆಚ್ಚು ವ್ಯತ್ಯಾಸವಿಲ್ಲ. ಆ ಮಾತ್ರೆಯ ಪಟ್ಟಿಯ ಹಿಂಭಾಗವನ್ನು ಓದಿ. ಬೀಟಾ ಕೆರೋಟಿನ್ ಎಂದಿದ್ದರೆ ಇಂದೇ ನಿಲ್ಲಿಸಿ. ಕ್ಯಾರೆಟ್, ಪಪ್ಪಾಯಿ, ಸೊಪ್ಪಿನಿಂದ ಬರುವ ಕೆರೋಟಿನ್‌ಗೆ ಈ ಭಯ ಬೇಡ.

ವಿಟಮಿನ್ ಸಿ ಮಾತ್ರೆಯ ವಿಷಯವೂ ಅಷ್ಟು ಸರಳವಲ್ಲ. ಶ್ವಾಸಕೋಶದ ಒಳಮೈಯನ್ನು ನೆನೆಸಿರುವ ದ್ರವದಲ್ಲಿ ವಿಟಮಿನ್ ಸಿ ಇದ್ದರೆ ಅದು ಷಡ್ವೇಲೆನ್ಸಿಯ ಕ್ರೋಮಿಯಂ ಅನ್ನು ಕೋಶದ ಹೊರಗೇ ಬದಲಾಯಿಸಿ, ಒಳಕ್ಕೆ ಸುಲಭವಾಗಿ ಹೋಗಲಾರದ ರೂಪಕ್ಕೆ ತರುತ್ತದೆ, ಇದು ಒಳ್ಳೆಯದು. ಆದರೆ ಅಷ್ಟರಲ್ಲಿ ಕೋಶದೊಳಗೆ ನುಗ್ಗಿದ ಕ್ರೋಮಿಯಂ ಅನ್ನು ಬದಲಾಯಿಸುವುದೂ ಮುಖ್ಯವಾಗಿ ವಿಟಮಿನ್ ಸಿ ಮತ್ತು ದೇಹವೇ ತಯಾರಿಸಿಕೊಳ್ಳುವ ಗ್ಲುಟಾಥಯೋನ್ ಎಂಬ ರಕ್ಷಕ ಅಣು, ಮತ್ತು ಡಿಎನ್ಎಗೆ ಪೆಟ್ಟು ಬೀಳುವುದು ಆ ಬದಲಾವಣೆಯ ಹಾದಿಯಲ್ಲೇ. ಆದ್ದರಿಂದ ಕೊರತೆ ಇರಬಾರದು ಎಂಬುದಷ್ಟೇ ನನ್ನ ಸಲಹೆ. ಸಾವಿರ ಮಿಲಿಗ್ರಾಂ ಮಾತ್ರೆಯಿಂದ ವೆಲ್ಡರಿಗೆ ರಕ್ಷಣೆ ಸಿಗುತ್ತದೆಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಉತ್ಕರ್ಷಣ ಒತ್ತಡವನ್ನೇ ಅಳೆದು ಕೊಡುತ್ತೇವೆಂದು ಕೆಲವು ಲ್ಯಾಬುಗಳು ದುಬಾರಿ ಪರೀಕ್ಷೆ ಮಾರುತ್ತವೆ. ನೂರಾರು ಕಾರ್ಮಿಕರ ಗುಂಪುಗಳನ್ನು ಹೋಲಿಸುವ ಸಂಶೋಧಕರಿಗೆ ಅದರಿಂದ ಉಪಯೋಗವಿದೆ, ಒಬ್ಬ ವ್ಯಕ್ತಿಯ ಚಿಕಿತ್ಸೆಯನ್ನು ನಿರ್ಧರಿಸಲು ಇಲ್ಲ. ಆ ಹಣದಲ್ಲಿ ಒಂದು ಒಳ್ಳೆಯ ಮಾಸ್ಕ್ ಬರುತ್ತದೆ.

ಈಗ ಹಿಮೋಗ್ಲೋಬಿನ್. ಗಂಡಸರಲ್ಲಿ 13ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ನಮ್ಮ ದೇಶದಲ್ಲಿ ಇದನ್ನು ಹೆಂಗಸರ ಸಮಸ್ಯೆಯೆಂದೇ ಭಾವಿಸುತ್ತೇವೆ, ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಗಂಡಸರಲ್ಲೂ ನಾಲ್ವರಲ್ಲಿ ಒಬ್ಬರಿಗೆ ರಕ್ತಹೀನತೆ ಕಂಡುಬಂದಿತ್ತು. ವೆಲ್ಡರುಗಳ ವಿಷಯದಲ್ಲಿ ಇದು ಎರಡು ಕಡೆಯಿಂದ ಅಪಾಯ ತರುತ್ತದೆ. ಕರುಳಿನಲ್ಲಿ ಕಬ್ಬಿಣವನ್ನು ಹೀರಿಕೊಳ್ಳುವ ವಾಹಕ ಪ್ರೋಟೀನೇ ಮ್ಯಾಂಗನೀಸನ್ನೂ ಹೊತ್ತೊಯ್ಯುತ್ತದೆ. ದೇಹದಲ್ಲಿ ಕಬ್ಬಿಣ ಕಡಿಮೆಯಾದಾಗ ಆ ವಾಹಕಗಳ ಸಂಖ್ಯೆ ಹೆಚ್ಚುವುದರಿಂದ ಮ್ಯಾಂಗನೀಸ್ ಹೆಚ್ಚು ಒಳಸೇರುತ್ತದೆ. ಮ್ಯಾಂಗನೀಸ್ ಮಿದುಳಿನಲ್ಲಿ ಚಲನೆಯನ್ನು ನಿಯಂತ್ರಿಸುವ ಭಾಗದಲ್ಲಿ ಸಂಗ್ರಹವಾಗುವ ಲೋಹ, ವರ್ಷಗಳ ನಂತರ ನಡಿಗೆ ನಿಧಾನವಾಗುವುದು, ಕೈಬರಹ ಚಿಕ್ಕದಾಗುವುದು, ಸಿಡುಕು ಹೆಚ್ಚುವುದು ಅದರ ಗುರುತುಗಳು. ಸೀಸದ ಕಥೆಯೂ ಹಾಗೆಯೇ: ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೊರತೆಯಿರುವ ದೇಹ ಸೀಸವನ್ನು ಹೆಚ್ಚು ಹೀರಿಕೊಳ್ಳುತ್ತದೆ. ವೆಲ್ಡರಿನ ಪೌಷ್ಟಿಕತೆ ಮುಖ್ಯವೆಂದು ನಾನು ಹೇಳುವುದು ಈ ಕಾರಣಕ್ಕೆ. ಅವನ ತಟ್ಟೆಯಲ್ಲಿ ಇಲ್ಲದ ಲೋಹದ ಜಾಗಕ್ಕೆ ಅವನ ಶೆಡ್ಡಿನಲ್ಲಿರುವ ಲೋಹ ಬಂದು ಕೂರುತ್ತದೆ.

ಹಾಗೆಂದು ಕಬ್ಬಿಣದ ಮಾತ್ರೆಯನ್ನು ಪರೀಕ್ಷೆಯಿಲ್ಲದೆ ಶುರುಮಾಡಬೇಡಿ. ವರ್ಷಾನುಗಟ್ಟಲೆ ಕಬ್ಬಿಣದ ಹೊಗೆ ಕುಡಿದವರ ಶ್ವಾಸಕೋಶದಲ್ಲಿ ಕಬ್ಬಿಣ ತುಂಬಿಕೊಂಡು ಎಕ್ಸ್‌ರೇಯಲ್ಲಿ ಚುಕ್ಕೆಗಳಾಗಿ ಕಾಣುವುದುಂಟು, ಕೆಲವರ ರಕ್ತದಲ್ಲಿ ಫೆರಿಟಿನ್ ಎಂಬ ಕಬ್ಬಿಣದ ಸಂಗ್ರಹ ಪ್ರೋಟೀನು ಹೆಚ್ಚಾಗಿಯೂ ಇರುತ್ತದೆ. ಕಬ್ಬಿಣ ಸಾಕಷ್ಟಿದ್ದು ಬೇರೆ ಕಾರಣದಿಂದ ರಕ್ತಹೀನತೆ ಬಂದಿದ್ದರೆ ಮಾತ್ರೆಯಿಂದ ಹೊರೆಯೇ ಹೆಚ್ಚುತ್ತದೆ. ಫೆರಿಟಿನ್ ಜೊತೆಗೆ ಉರಿಯೂತವನ್ನು ತೋರಿಸುವ ಸಿಆರ್‌ಪಿ ಎಂಬ ರಕ್ತಪರೀಕ್ಷೆಯನ್ನೂ ನೋಡಬೇಕು, ಏಕೆಂದರೆ ಉರಿಯೂತವಿದ್ದರೆ ಫೆರಿಟಿನ್ ಸುಳ್ಳು ಹೆಚ್ಚಳ ತೋರಿಸುತ್ತದೆ. ಬಿ12 ಕೊರತೆ, ಮೂಲವ್ಯಾಧಿಯ ರಕ್ತಸ್ರಾವ, ಹೊಟ್ಟೆಯ ಹುಣ್ಣು ಇವೂ ಇರಬಹುದು. ಎಲ್ಲವನ್ನೂ ಹೊಗೆಯ ಮೇಲೆ ಹೊರಿಸಿ ಚಿಕಿತ್ಸೆಯಾಗಬಲ್ಲ ಕಾಯಿಲೆಯನ್ನು ಬಿಟ್ಟುಬಿಟ್ಟರೆ ಅದು ಅವರಿಗೆ ಮಾಡುವ ಅನ್ಯಾಯ.

ಸೀಸದ ಮಾತು ಈಗ. ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ; ಅದಕ್ಕೂ ಹಿಂದಿನ ಗೇಟು, ಕಿಟಕಿ, ಟ್ಯಾಂಕು, ಗರ್ಡರುಗಳ ಮೇಲಿನ ಬಣ್ಣದಲ್ಲಿ, ಅದರಲ್ಲೂ ತುಕ್ಕು ಹಿಡಿಯದಂತೆ ಬಳಿದ ಕೆಂಪು ಸೀಸದ ಪ್ರೈಮರಿನಲ್ಲಿ, ಸೀಸ ಯಥೇಚ್ಛವಾಗಿ ಇರಬಹುದು. ಬಣ್ಣದ ಮೇಲೆಯೇ ಗ್ಯಾಸ್ ಕಟ್ಟಿಂಗ್ ಮಾಡಿದಾಗ ಆ ಸೀಸ ಹೊಗೆಯಾಗುತ್ತದೆ. ಅದು ರಕ್ತದ ಕೆಂಪು ವರ್ಣಕ ತಯಾರಾಗುವುದನ್ನೇ ತಡೆಯುವುದರಿಂದ ಹಿಮೋಗ್ಲೋಬಿನ್ ಇಳಿಯುತ್ತದೆ, ಹೊಟ್ಟೆನೋವು ಮಲಬದ್ಧತೆಗಳೂ ಬರಬಹುದು. ‘ಬ್ಲಡ್ ಲೆಡ್’ ಪರೀಕ್ಷೆ ಮಾಡಿಸಿ. ಫಲಿತಾಂಶ ಬರುವವರೆಗೆ ಬಣ್ಣವಿರುವ ಹಳೆಯ ಕಬ್ಬಿಣವನ್ನು ಅವರು ಕತ್ತರಿಸಬಾರದು. ಕತ್ತರಿಸಲೇಬೇಕಾದರೆ ಕಟ್ಟಿಂಗ್ ಗೆರೆಯ ಎರಡೂ ಕಡೆಯ ಬಣ್ಣವನ್ನು ರಾಸಾಯನಿಕದಿಂದ ಮೊದಲು ತೆಗೆಯಬೇಕು, ಗ್ರೈಂಡರಿನಿಂದ ಉಜ್ಜಿ ಧೂಳೆಬ್ಬಿಸಬಾರದು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇನ್ನೂ ಎಚ್ಚರ ಬೇಕು. ಅವರ ಕೆಲಸದ ಬಟ್ಟೆಯನ್ನು ಮನೆಯೊಳಗೆ ಕೊಡವದೆ ಬೇರೆಯಾಗಿ ನೆನೆಸಿ ಒಗೆಯಿರಿ, ಮತ್ತು ಅವರು ಸ್ನಾನ ಮಾಡಿದ ಮೇಲೆಯೇ ಮಕ್ಕಳನ್ನು ಎತ್ತಿಕೊಳ್ಳಲಿ. ಅವರ ರಕ್ತದಲ್ಲಿ ಸೀಸ ಹೆಚ್ಚಿದ್ದರೆ ಮಕ್ಕಳಿಗೂ ಪರೀಕ್ಷೆ ಅಗತ್ಯ.

ಬೆಲ್ಲ ಮತ್ತು ಹಾಲಿನ ನಂಬಿಕೆಯನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ, ಅದರ ಹಿಂದೆ ಒಂದು ಕಾಳಜಿಯಿದೆ. ಲಖನೌದ ಕೈಗಾರಿಕಾ ವಿಷವಿಜ್ಞಾನ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬೆಲ್ಲ ಕೊಟ್ಟ ಇಲಿಗಳ ಶ್ವಾಸಕೋಶದಿಂದ ಕಲ್ಲಿದ್ದಲಿನ ಧೂಳು ಹೆಚ್ಚಾಗಿ ಸಾಗಿಹೋದದ್ದು ಕಂಡಿತ್ತು. ಆದರೆ ಅದು ಇಲಿಗಳಲ್ಲಿ, ಧೂಳಿನ ಮೇಲೆ ನಡೆದದ್ದು. ವೆಲ್ಡಿಂಗ್ ಹೊಗೆಯ ಕಣ ಅದಕ್ಕಿಂತ ಬಹಳ ಸಣ್ಣದು, ಅದರ ಲೋಹಗಳು ಕರಗಿ ರಕ್ತಕ್ಕೆ ಸೇರುತ್ತವೆ. ಹಾಲು ಹೊಟ್ಟೆಗೆ ಹೋಗುತ್ತದೆ, ಹೊಗೆ ಶ್ವಾಸಕೋಶಕ್ಕೆ ಹೋಗುತ್ತದೆ. ಒಂದು ಇನ್ನೊಂದನ್ನು ತೊಳೆಯಲಾರದು. ಹಾಲಿನ ಕ್ಯಾಲ್ಸಿಯಂ, ಪ್ರೋಟೀನು ಬೇಕೇ ಬೇಕು, ಕುಡಿಯಲಿ. ಆದರೆ ಹಾಲು ಬೆಲ್ಲ ಕೊಟ್ಟ ಮಾಲೀಕರು ತಮ್ಮ ಹೊಣೆ ಮುಗಿಯಿತೆಂದು ಭಾವಿಸಿದರೆ ನನಗೆ ನಿಜಕ್ಕೂ ನೋವಾಗುತ್ತದೆ.

ಊಟಕ್ಕೆ ಬರೋಣ. ದೇಹದ ಸ್ವಂತ ರಕ್ಷಣೆಯ ಕಿಣ್ವಗಳಿಗೆ ಸತು, ತಾಮ್ರ, ಸೆಲೆನಿಯಂ ಬೇಕು, ಗ್ಲುಟಾಥಯೋನ್ ಕಟ್ಟಲು ಪ್ರೋಟೀನು ಬೇಕು. ಹೀಗಾಗಿ ನಾನು ಮೊದಲು ಕೇಳುವ ಪ್ರಶ್ನೆ, ಬೆಳಿಗ್ಗೆ ಏನು ತಿಂದು ಹೋಗುತ್ತಾರೆ ಎಂಬುದು. ಚಹಾ ಬನ್ನಿನಲ್ಲಿ ಮಧ್ಯಾಹ್ನದವರೆಗೆ ದುಡಿಯುವವರನ್ನು ನಾನು ದಿನವೂ ನೋಡುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ ಪ್ರೋಟೀನು, 19 ಮಿಲಿಗ್ರಾಂ ಕಬ್ಬಿಣ, 17 ಮಿಲಿಗ್ರಾಂ ಸತು, 80 ಮಿಲಿಗ್ರಾಂ ವಿಟಮಿನ್ ಸಿ ಬೇಕು. ಬೆಳಿಗ್ಗೆ ಇಡ್ಲಿ ಅಥವಾ ಚಿತ್ರಾನ್ನದ ಜೊತೆ ಎರಡು ಮೊಟ್ಟೆ ಕೊಟ್ಟರೆ ಹನ್ನೆರಡು ಗ್ರಾಂನಷ್ಟು ಪ್ರೋಟೀನು ಅಲ್ಲೇ ಆಯಿತು. ಮೊಟ್ಟೆ ತಿನ್ನದವರಾದರೆ ಮೊಳಕೆ ಕಟ್ಟಿದ ಹೆಸರುಕಾಳಿನ ಉಸಲಿ, ಶೇಂಗಾ, ಮೊಸರು. ರಾತ್ರಿಯ ಮುದ್ದೆಗೆ ಬಸ್ಸಾರು, ಹುರುಳಿಕಾಳಿನ ಸಾರು, ನುಗ್ಗೆಸೊಪ್ಪು, ದಂಟಿನ ಸೊಪ್ಪು ಒಳ್ಳೆಯ ಜೊತೆ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ, 100 ಗ್ರಾಂಗೆ 350 ಮಿಲಿಗ್ರಾಂನಷ್ಟು. ಕಬ್ಬಿಣವೂ ಇದೆ, ಆದರೆ ಕಾಳಿನಲ್ಲೇ ಇರುವ ಫೈಟೇಟುಗಳೆಂಬ ವಸ್ತುಗಳ ಕಾರಣ ಅದು ಸುಲಭವಾಗಿ ದೇಹಕ್ಕೆ ಹತ್ತುವುದಿಲ್ಲ, ಆದ್ದರಿಂದ ಮೊಳಕೆ ಬರಿಸಿದ ರಾಗಿಯ ಹಿಟ್ಟು ಮೇಲು. ಸಾರನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿ, ಕುದಿಯುವಾಗ ಹಿಂಡಿದರೆ ವಿಟಮಿನ್ ಸಿ ನಾಶವಾಗುತ್ತದೆ. ಒಂದು ಸೀಬೆಹಣ್ಣು ದಿನದ ವಿಟಮಿನ್ ಸಿಯನ್ನು ಪೂರ್ತಿ ಕೊಡುತ್ತದೆ, ಮತ್ತು ಊಟದ ಜೊತೆ ತಿಂದರೆ ಸೊಪ್ಪು ಕಾಳುಗಳ ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತದೆ. ಚಹಾ ಅದಕ್ಕೆ ವಿರುದ್ಧ. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ನಂತರ ಬೇಡ. ಬುತ್ತಿಯನ್ನು ವೆಲ್ಡಿಂಗ್ ಮಾಡುವ ಜಾಗದಲ್ಲಿ ಬಿಚ್ಚದೆ, ಸೋಪಿನಿಂದ ಕೈ ತೊಳೆದು ಹೊರಗೆ ಕೂತು ಉಣ್ಣಲಿ. ಬೆರಳಿಗೆ ಮೆತ್ತಿದ ಸೀಸ ಅನ್ನದೊಡನೆ ಒಳಹೋಗುವುದು ಹೀಗೆಯೇ. ಕೊಳೆಕೈಯಲ್ಲಿ ಹಿಡಿದ ಬೀಡಿಯೂ ಅದೇ ದಾರಿ.

ಇಷ್ಟೆಲ್ಲ ಮಾಡಿದರೂ ಹೊಗೆ ತಗ್ಗದಿದ್ದರೆ ಪ್ರಯೋಜನ ಕಡಿಮೆ. ನಮ್ಮ 1948ರ ಕಾರ್ಖಾನೆ ಕಾಯಿದೆಯ ಅನುಸೂಚಿಯಲ್ಲಿ ವೆಲ್ಡಿಂಗ್ ಹೊಗೆಗೆ ಘನ ಮೀಟರಿಗೆ 5 ಮಿಲಿಗ್ರಾಂ ಮಿತಿಯಿತ್ತು. ಅಮೆರಿಕದ ಕೈಗಾರಿಕಾ ನೈರ್ಮಲ್ಯ ತಜ್ಞರ ಒಕ್ಕೂಟ ಇದೇ ಅಂಕಿಯ ತನ್ನ ಮಿತಿಯನ್ನು 2004ರಲ್ಲಿ ಹಿಂತೆಗೆದುಕೊಂಡಿತು. ಬ್ರಿಟನ್ನಿನಲ್ಲಿ 2019ರಿಂದ ಒಳಾಂಗಣದ ವೆಲ್ಡಿಂಗ್‌ಗೆ, ಅದು ಮಾಮೂಲು ಕಬ್ಬಿಣವಾದರೂ, ಕಿಡಿಯ ಪಕ್ಕದಲ್ಲೇ ಹೊಗೆ ಹೀರುವ ಯಂತ್ರ ಇರಬೇಕು. ಬಾಗಿಲು ತೆರೆದು ಫ್ಯಾನ್ ಹಾಕಿದರೆ ಸಾಲದು. ಅಂಥ ಹೀರುವ ಕೊಳವೆ ಕಿಡಿಯಿಂದ ಸುಮಾರು ಒಂದು ಅಡಿಯೊಳಗೆ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ಅದು ಬರುವವರೆಗೆ ನಿಮ್ಮ ಪತಿ ಮೇಲೇಳುವ ಹೊಗೆಯ ಕಂಬದೊಳಗೆ ತಲೆಯಿಡದಂತೆ ಕೂರಲಿ, ಗಾಳಿ ಪಕ್ಕದಿಂದ ಬೀಸುವಂತೆ ಇರಲಿ. ಸ್ಟೇನ್‌ಲೆಸ್ ಸ್ಟೀಲನ್ನು ರಾಡಿನ ಬದಲು ಆರ್ಗಾನ್ ವೆಲ್ಡಿಂಗ್‌ನಲ್ಲಿ ಮಾಡಿದರೆ ಕ್ರೋಮಿಯಂ ಹೊಗೆ ಬಹಳ ಕಡಿಮೆಯಾಗುತ್ತದೆ, ಓಜೋನ್ ಇದ್ದೇ ಇರುವುದರಿಂದ ಗಾಳಿಯಾಡಬೇಕು. ಮುಖದ ಶೀಲ್ಡ್ ಬೆಳಕನ್ನು ತಡೆಯುತ್ತದೆ, ಹೊಗೆಯನ್ನಲ್ಲ. ಕರ್ಚೀಫು ಏನನ್ನೂ ತಡೆಯುವುದಿಲ್ಲ. ಶೀಲ್ಡಿನ ಒಳಗೆ ಕನಿಷ್ಠ ಎನ್95, ಸಾಧ್ಯವಾದರೆ ಅದಕ್ಕಿಂತ ಹೆಚ್ಚು ಸೋಸುವ ಎಫ್‌ಎಫ್‌ಪಿ3 ಮಾಸ್ಕ್ ಇರಲಿ, ಮತ್ತು ಗಡ್ಡವಿದ್ದರೆ ಅಂಚಿನಿಂದ ಹೊಗೆ ನುಗ್ಗುತ್ತದೆ ಎಂಬುದನ್ನು ಅವರಿಗೆ ಹೇಳಿ.

ಜಿಐ ಪೈಪು ಬೆಸೆದ ರಾತ್ರಿ ಚಳಿಜ್ವರ ಬಂದು ಒಂದೆರಡು ದಿನದಲ್ಲಿ ಬಿಡುವುದನ್ನು ವೆಲ್ಡರುಗಳು ಮಾಮೂಲೆಂದುಕೊಳ್ಳುತ್ತಾರೆ, ಹೆಚ್ಚಿನ ಸಲ ಅದು ಸತುವಿನ ಹೊಗೆಯ ಜ್ವರವೇ. ಆದರೆ ಉಬ್ಬಸ, ಎದೆನೋವು, ಕಫದಲ್ಲಿ ರಕ್ತ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ವೆಲ್ಡರುಗಳಿಗೆ ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾದ ನ್ಯುಮೋನಿಯಾ ಹೆಚ್ಚಾಗಿ ತಗಲುವುದರಿಂದ ಬ್ರಿಟನ್ನಿನಲ್ಲಿ ಅವರಿಗೆ ಅದರ ಲಸಿಕೆಯನ್ನು ಶಿಫಾರಸು ಮಾಡುತ್ತಾರೆ. ನಿಮ್ಮ ವೈದ್ಯರನ್ನು ಕೇಳಿ.

ಪತಿಯ ಸಂಬಳದಲ್ಲಿ ಇಎಸ್‌ಐ ಕಡಿತವಾಗುತ್ತಿದೆಯೇ ನೋಡಿ. ಕಡಿತವಾಗುತ್ತಿದ್ದರೆ ಇಎಸ್‌ಐ ಚಿಕಿತ್ಸಾಲಯದಲ್ಲೇ ತೋರಿಸಿ, ಸೀಸ, ಮ್ಯಾಂಗನೀಸ್, ಕ್ರೋಮಿಯಂನಿಂದ ಬರುವ ಕಾಯಿಲೆಗಳು ಕಾನೂನಿನ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿವೆ. ಹೋಗುವ ಮುನ್ನ ಅವರು ಬಳಸುವ ರಾಡಿನ ಪೊಟ್ಟಣದ ಲೇಬಲ್ಲು, ಕತ್ತರಿಸುವ ಹಳೆಯ ಕಬ್ಬಿಣದ ಬಣ್ಣ, ಕೆಲಸದ ಜಾಗ, ಈ ಮೂರರ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಬರಲು ಹೇಳಿ, ಮೆಡಿಕಲ್ ಶಾಪಿನ ಎರಡೂ ಮಾತ್ರೆಗಳ ಪಟ್ಟಿಯನ್ನು ನೀವು ಜೊತೆಗೆ ಒಯ್ಯಿರಿ. ಅವನ್ನು ನೋಡದೆ ಯಾವ ಪರೀಕ್ಷೆ ಬರೆಯಬೇಕೆಂದು ವೈದ್ಯರಿಗೆ ತಿಳಿಯುವುದು ಕಷ್ಟ.